ರಾಜಾಸಾಬ್ ಹೂಂ ಅಂದದ್ದು

ತಾನು ಯಾವುದಕ್ಕೆ ಹೂಂ ಅಂದೆ ಎನ್ನುವುದು ಒಂಬತ್ತು ದಿನ ಕಳೆದರೂ ರಾಜಾಸಾಬನಿಗೆ ಗೊತ್ತಾಗಿರಲಿಲ್ಲ. ಗಾಳೆಪ್ಪ ಬಂದದ್ದು ಸೋಮವಾರ ಮಧ್ಯಾಹ್ನ. ಕೊಟ್ಟೂರಿನ ಹರಪನಹಳ್ಳಿ ರಸ್ತೆಯಲ್ಲಿರುವ ರಾಜಾಸಾಬನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿಗೆ ಬಂದವನು, ಬಿಚ್ಚಿಟ್ಟ ಟೈರಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದ್ದ. ನಡುವೆ ಒಂದು ಸಲ ಕಣ್ಣೊರೆಸಿಕೊಂಡಿದ್ದ, ಎರಡು ಸಲ ಎದೆ ಮುಟ್ಟಿಕೊಂಡಿದ್ದ. ಕೊನೆಗೆ ಬಾಯಿ ನಿಲ್ಲಿಸಿ, ಮುಖ ಮುಂದೆ ಚಾಚಿ, ಏನನ್ನೋ ಕೇಳಿದವನಂತೆ ಕಾದಾಗ ರಾಜಾಸಾಬ್ ಎರಡು ವರ್ಷದ ರೂಢಿಯಂತೆ ತಲೆಯಾಡಿಸಿ, ಅವನ ಭುಜ ತಟ್ಟಿ, ಹೂಂ, ಆಗ್ಲಿ, ಒಳ್ಳೇದಾಗ್ಲಿ ಅಂದಿದ್ದ. ಗಾಳೆಪ್ಪ ಅವನ ಗ್ರೀಸು ಹತ್ತಿದ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡು ಎದ್ದು ಹೋದ. ವಾರಕ್ಕೆರಡು ಸಲ ಕೋಗಳಿಯಿಂದ ತಪ್ಪದೆ ಬರುತ್ತಿದ್ದವನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ ಮನುಷ್ಯ ಕಣ್ಣೊರೆಸಿಕೊಂಡು, ಎದೆ ಮುಟ್ಟಿಕೊಂಡು, ಗೆಳೆಯನ ಒಪ್ಪಿಗೆ ಪಡೆದು ಮಾಡುವಂಥದ್ದು ಏನಿರುತ್ತದೆ? ವಿಷ ಕುಡಿಯುತ್ತೇನೆ ಅಂದನೋ? ಹೆಂಡತಿ ಕನಕಮ್ಮನನ್ನು ಬಿಟ್ಟು ಹೋಗುತ್ತೇನೆ ಅಂದನೋ? ಯಾರನ್ನಾದರೂ ಕಡಿಯುತ್ತೇನೆ ಅಂದನೋ? ಬರೀ ಹೂಂ ಅಂದಿದ್ದರೆ ಹೋಗಲಿ, ಒಳ್ಳೇದಾಗ್ಲಿ ಎಂದು ಬೇರೆ ಹರಸಿಬಿಟ್ಟೆನಲ್ಲ. ಚಹಾದಂಗಡಿಯಲ್ಲಿ ದಿನವೂ ಪತ್ರಿಕೆಯ ಜಿಲ್ಲಾ ಪುಟ ಹಿಡಿದು ಕೋಗಳಿ ಎಂಬ ಹೆಸರಿಗಾಗಿ ಮೂಲೆಮೂಲೆ ಹುಡುಕಿದ. ಒಂದು ದಿನ ಸಿಕ್ಕಿತು. ಕೋಗಳಿಯಲ್ಲಿ ಉಚಿತ ಕಣ್ಣಿನ ತಪಾಸಣೆ. ಅದನ್ನೂ ಎರಡು ಸಲ ಓದಿದ.

ಫೋನು ಮಾಡೋಣವೆಂದರೆ ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. ಹೋಗಿ ಕೇಳೋಣವೆಂದರೆ, ಅವನು ಹೇಳುವ ಉತ್ತರ ಕೇಳಿಸಬೇಕಲ್ಲ. ಮೊದಲು ಕಿವಿ, ಆಮೇಲೆ ಕೋಗಳಿ ಎಂದು ತೀರ್ಮಾನಿಸಿ ಬುಧವಾರ ಬೆಳಿಗ್ಗೆ, ಹರಪನಹಳ್ಳಿಯಿಂದ ಬೇರಿಂಗು ತರಬೇಕು ಎಂದು ಹೆಂಡತಿ ಮಕ್ತುಂಬಿಗೆ ಹೇಳಿ ಹೊರಟ. ಮಕ್ತುಂಬಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತ, ಬೆನ್ನು ಹಾಕಿಕೊಂಡೇ ಏನೋ ಹೇಳುತ್ತಿದ್ದಳು. ಅವಳ ಭುಜಗಳ ಅಲುಗಾಟದಿಂದಲೇ ಅವನಿಗೆ ಮಾತು ಗೊತ್ತಾಗುತ್ತಿತ್ತು, ಅರ್ಥ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಹೂಂ ಅಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಹಾದುಹೋಗುವ ಮೆಕ್ಕೆಜೋಳದ ರಾಶಿಗಳನ್ನು ನೋಡುತ್ತ, ತನ್ನ ಕಿವುಡು ಎಂದು ಶುರುವಾಯಿತೆಂದು ನೆನಪಿಸಿಕೊಳ್ಳಲು ನೋಡಿದ. ಎಡಗಿವಿ ಮೊದಲು ಹೋಯಿತು. ಬಲಗಿವಿ ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅದರ ದಾರಿ ಹಿಡಿಯಿತು. ಆದರೆ ಕೆಲಸಕ್ಕೆ ಏನೂ ತೊಂದರೆಯಾಗದಿದ್ದದ್ದೇ ವಿಚಿತ್ರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿದರೆ, ಒಳಗಿನ ಒಂದೊಂದು ವಾಲ್ವಿನ ಬಡಿತವೂ ಮೊದಲಿಗಿಂತ ಸ್ಪಷ್ಟವಾಗಿ ತಲೆಯೊಳಗೆ ಬಂದು ಕೂರುತ್ತಿತ್ತು. ಅವರಪ್ಪ ಪಿಂಜಾರರ ಕುಂಬಿಸಾಬ್ ಅರಳೆ ಹಿಂಜುವಾಗ ಬಿಲ್ಲಿನ ದಾರ ಮಿಡಿದು ಅದರ ನಾದದ ಮೇಲೆ ಹತ್ತಿಯ ಹಸಿ ಹೇಳುತ್ತಿದ್ದ. ಮಗ ಇಂಜಿನ್ನಿನ ನಾದದ ಮೇಲೆ ರೋಗ ಹೇಳುವವನಾದ. ಇಂಜಿನ್ನು ಕೇಳುತ್ತದೆ, ಮನುಷ್ಯರು ಕೇಳುವುದಿಲ್ಲ, ಇದೆಂಥ ಕಿವುಡೋ ಎಂದು ಬೆರಗಾಗಿ ಯಾರಿಗೂ ಹೇಳದೆ ಇದ್ದುಬಿಟ್ಟ. ಕಿವುಡು ಮೆಕ್ಯಾನಿಕ್ ಎಂದು ಒಂದು ಸಲ ಹೆಸರು ಬಿದ್ದರೆ ಯಾರು ಗಾಡಿ ತರುತ್ತಾರೆ? ಇನ್ನೊಂದು ವಿಚಿತ್ರವಿತ್ತು. ತನ್ನ ದನಿ ತನಗೇ ತಲೆಯೊಳಗೆ ಕೊಡದಲ್ಲಿ ಕೂಗಿದಂತೆ ಮೊಳಗುತ್ತಿದ್ದುದರಿಂದ ಅವನು ಮೆಲ್ಲಗೆ ಮಾತಾಡತೊಡಗಿದ್ದ. ಮೊದಲು ಹಾಗಿರಲಿಲ್ಲ. ಸ್ಪ್ಯಾನರ್ ತಪ್ಪು ಸೈಜಿನದು ಕೊಟ್ಟರೆ ಬಸ್ಟ್ಯಾಂಡಿನವರೆಗೆ ಕೇಳುವಂತೆ ಬೈಯುತ್ತಿದ್ದವನು, ಗಿರಾಕಿಯ ಮಾತನ್ನು ನಡುವೆ ಕತ್ತರಿಸಿ ನಿನಗೇನು ಗೊತ್ತೈತಿ ಮಂಗ್ಯಾ ಎನ್ನುತ್ತಿದ್ದವನು, ಈಗ ಮೆದುವಾಗಿ ನಕ್ಕು ತಲೆಯಾಡಿಸುವವನಾಗಿದ್ದ. ಆ ಮೇಲೆಯೇ ಜನ ಬರತೊಡಗಿದ್ದು. ರಿಪೇರಿಯಿಲ್ಲದೆಯೂ ಬರತೊಡಗಿದ್ದರು. ಲಾರಿ ಇಟ್ಟುಕೊಂಡಿರುವ ಹಡಗಲಿಯ ಹಾಲಸ್ವಾಮಿ ದಾರಿಯಲ್ಲಿ ಹೋಗುವಾಗ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕೂತು ಏನೇನೋ ಹೇಳಿ ಹಗುರಾಗಿ ಹೋಗುತ್ತಿದ್ದ. ತಾಲೂಕು ಕಚೇರಿಯ ಕೋಮಲಾ ಸ್ಕೂಟಿಯ ಮೇಲೆ ಕೂತೇ, ಎಂಜಿನ್ ಬಂದ್ ಮಾಡದೆ, ಮಾತಾಡಿ ಅತ್ತು ಹೋದಳು. ರಾಜಾಸಾಬ್ ಎಲ್ಲರಿಗೂ ಹೂಂ ಅಂದ. ವಯಸ್ಸಾದಂತೆ ತನ್ನ ಮುಖದಲ್ಲಿ ಏನೋ ಒಂದು ತೂಕ ಬಂದಿರಬೇಕು, ಅದಕ್ಕೇ ಜನ ನಂಬುತ್ತಾರೆ ಎಂದುಕೊಂಡಿದ್ದ. ಶೆಡ್ಡಿನ ಕನ್ನಡಿಯಲ್ಲಿ ಒಂದೆರಡು ಸಲ ಆ ತೂಕವನ್ನು ನೋಡಿಕೊಂಡೂ ಇದ್ದ. ಈಗ ನೆನೆದರೆ ನಾಚಿಕೆಯಾಗುತ್ತಿತ್ತು. ಅವರು ತಂದುಕೊಟ್ಟದ್ದನ್ನೆಲ್ಲ ತಾನು ತಳವಿಲ್ಲದ ಡಬ್ಬಿಯಲ್ಲಿ ಹಿಡಿದಿದ್ದ.

ಹರಪನಹಳ್ಳಿಯ ಬಸ್ಟ್ಯಾಂಡಿನ ಹಿಂದಿನ ಓಣಿಯ ಕ್ಲಿನಿಕ್ಕಿನಲ್ಲಿ ಕಿವಿ ಡಾಕ್ಟರು ಪ್ರಿಯಾ ಎಂಬ ಹುಡುಗಿ. ಅವನ ಮಗಳು ಗೌಸಿಯಾಳಷ್ಟೇ ವಯಸ್ಸಿರಬೇಕು. ಅವಳು ದೀಪದ ಕೊಳವೆಯಿಂದ ಎರಡೂ ಕಿವಿ ನೋಡಿದಳು. ನರ ಸತ್ತಿದೆ, ಇನ್ನು ಏನೂ ಮಾಡಲಾಗದು ಎಂಬ ಮಾತನ್ನು ಅವಳ ತುಟಿಗಳಿಂದ ಓದಲು ಅವನು ಸಿದ್ಧನಾಗಿ ಕೂತಿದ್ದ. ಅವಳು ತುಟಿ ಕಚ್ಚಿ ನಗು ತಡೆದು, ಚೀಟಿಯ ಮೇಲೆ ಒಂದೇ ಪದ ಬರೆದು ಅವನ ಮುಂದೆ ಹಿಡಿದಳು. ಗುಗ್ಗೆ. ರಾಜಾಸಾಬ್ ಅದನ್ನು ಓದಿ, ಬೇರೆ ಯಾರಾದರೂ ಓದಿದರೇ ಎಂದು ಹಿಂದೆ ನೋಡಿದ. ಮೂವತ್ತು ವರ್ಷ ಊರಿನವರ ಏರ್‌ಫಿಲ್ಟರುಗಳನ್ನು ಬಿಚ್ಚಿ ತೋರಿಸಿ, ಇಷ್ಟು ಹೊಲಸು ಕಟ್ಟೋ ತನಕ ಏನು ಮಾಡ್ತಿದ್ರಿ ಎಂದು ಬೈದವನು ಅವನು. ಬೆಂಕಿಕಡ್ಡಿ, ಗಾಡಿಯ ಕೀಲಿ, ಸೈಕಲ್ಲಿನ ಸ್ಪೋಕು, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ ಕೆರೆದು, ಗುಗ್ಗೆಯನ್ನು ಒಳಗೊಳಗೇ ಒತ್ತಿ ಕಲ್ಲು ಮಾಡಿದ್ದ. ನಾಲ್ಕು ದಿನ ಎಣ್ಣೆ ಬಿಟ್ಟು ಬಾ ಎಂದು ಅವಳು ಬರೆದಳು. ಅವನು ಕೈ ಮುಗಿದು, ಇವತ್ತ ಆಗಬೇಕ್ರಿ ಎಂದು ಹಟ ಹಿಡಿದ. ಅವಳು ಹನಿ ಬಿಟ್ಟು ಅರ್ಧ ಗಂಟೆ ಕೂರಿಸಿ, ಆಮೇಲೆ ಪಿಚಕಾರಿಯಂಥದ್ದು ಹಿಡಿದಳು. ಕರೆಂಟು ಹೋಗಿತ್ತು, ಕಾಯಿಸಿಟ್ಟ ನೀರು ತಣ್ಣಗಾಗಿತ್ತು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಎಡಗಿವಿಯಿಂದ ಸ್ಟೀಲಿನ ತಟ್ಟೆಗೆ ಟಣ್ ಎಂದು ಬಿದ್ದದ್ದನ್ನು ಅವನು ಕಂಡನೋ ಕೇಳಿದನೋ, ಎರಡೂ ಒಟ್ಟಿಗೇ ಆಯಿತು. ಕಡಲೆಕಾಳಿನಷ್ಟು ಕಪ್ಪು ಉಂಡೆ, ಅದರ ಹೊಟ್ಟೆಯಲ್ಲಿ ಬೆಂಕಿಕಡ್ಡಿಯ ಕೆಂಪು ತಲೆ.

ಮರುಕ್ಷಣವೇ ಕೋಣೆ ತಿರುಗಿತು. ಕಿಟಕಿ ಎಡಕ್ಕೆ ಹೊರಟಿತು, ಹಿಂದಿರುಗಿ ಬಂದು ಮತ್ತೆ ಹೊರಟಿತು. ಅವನು ಕುರ್ಚಿಯ ತೋಳು ಹಿಡಿದು ನಾನು ಬೀಳ್ತೀನಿ ಅಂದ. ಅಂದದ್ದು ತನಗೇ ಹೊರಗಿನಿಂದ, ಬೇರೆ ಯಾರದೋ ಕೀರಲು ದನಿಯಲ್ಲಿ ಕೇಳಿಸಿತು. "ಬೀಳಂಗಿಲ್ಲ, ಅಲ್ಲಾಡಬ್ಯಾಡ್ರಿ," ಎಂದಳು ಡಾಕ್ಟರು. ಎರಡು ವರ್ಷದ ಮೇಲೆ ಅವನು ಸರಿಯಾಗಿ ಕೇಳಿದ ಮೊದಲ ಮನುಷ್ಯಮಾತು. ಆಮೇಲೆ ಅವಳು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಕಿವಿಯನ್ನು ಬಿಡಿಸಿ ತೋರಿಸಿದಳು. ಗಾಳಿ ಬಂದು ಬಡಿಯುವ ತಮಟೆ, ತಮಟೆಯ ಹಿಂದೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಅಕ್ಕಿಕಾಳಿನಷ್ಟು ಮೂರು ಎಲುಬು, ಕೊನೆಯ ಎಲುಬು ಪಿಸ್ಟನ್ನಿನಂತೆ ಒತ್ತುವ ನೀರು ತುಂಬಿದ ಶಂಖ. ಶಂಖದ ನೀರು ಅಲುಗಿದರೆ ಒಳಗಿನ ಸಣ್ಣ ಕೂದಲು ಬಾಗುತ್ತವೆ, ಅದೇ ಸಪ್ಪಳ. ಅವನ ತಮಟೆಯವರೆಗಿನ ದಾರಿ ಮಾತ್ರ ಕಟ್ಟಿತ್ತು. ಸ್ಕ್ರೂಡ್ರೈವರು ಎಲುಬಿನ ಮೂಲಕ ನೇರವಾಗಿ ಶಂಖವನ್ನೇ ಅಲುಗಿಸುತ್ತಿತ್ತು. ಹಂಗಾರ ಇಂಜಿನ್ನು ಸರಿ ಇತ್ತು ಅಂದ ರಾಜಾಸಾಬ್. ಅವಳು ಹೌದೆಂದು, ಶಂಖದ ಪಕ್ಕದಲ್ಲೇ ಮೂರು ಕಡೆಗೆ ಬಳೆಗಳಂತೆ ಬಾಗಿದ್ದ ಮೂರು ಕೊಳವೆ ತೋರಿಸಿದಳು. ಅವುಗಳಲ್ಲೂ ನೀರು. ತಲೆ ತಿರುಗಿಸಿದರೆ ಆ ನೀರು ಒಂದು ಗಳಿಗೆ ಹಿಂದುಳಿಯುತ್ತದೆ. ಅದರಿಂದಲೇ ಮೆದುಳಿಗೆ ನಾವು ಯಾವ ಕಡೆ ವಾಲಿದ್ದೇವೆಂದು ತಿಳಿಯುವುದು. ಈಗ ತಣ್ಣೀರು ತಾಗಿ ಒಳಗಿನ ನೀರು ತಾನಾಗಿಯೇ ಹರಿಯಿತು, ನೀವು ತಿರುಗಿದಿರಿ ಎಂದು ಮೆದುಳು ನಂಬಿತು, ಅಷ್ಟೇ. ಗೋಡೆಯ ಮಟ್ಟ ನೋಡೋ ಗೌಂಡಿಗಳ ರಸಮಟ್ಟ ಎಂದು ರಾಜಾಸಾಬ್ ಗೊಣಗಿದ. ಇಷ್ಟು ವರ್ಷ ತನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಒಂದು ಚಮಚ ನೀರು ಎಂದು ಕೇಳಿ ಅವನಿಗೆ ಸಣ್ಣ ಅವಮಾನವಾದಂತಾಯಿತು. ಹತ್ತು ನಿಮಿಷ ಮಲಗಿ ಹೋಗಿ ಎಂದು ಹೇಳಿ ಅವಳು ಮುಂದಿನವರನ್ನು ಕರೆದಳು.

ಮಲಗುವ ತಾಳ್ಮೆ ಅವನಿಗಿರಲಿಲ್ಲ. ಎರಡೇ ನಿಮಿಷಕ್ಕೆ ಎದ್ದು ಹೊರಗೆ ಬಂದ. ಬಾಗಿಲಲ್ಲಿ ಮೆಟ್ಟಿಲು ಇದ್ದ ಕಡೆ ಇರಲಿಲ್ಲ. ಕೈಚಾಚಿ ಹಿಡಿದದ್ದು ಯಾರದೋ ಬೈಕು. ಅದು ಪಕ್ಕದ್ದರ ಮೇಲೆ, ಪಕ್ಕದ್ದು ಅದರಾಚೆಯದರ ಮೇಲೆ ಒರಗಿ, ಮೂರೂ ಸಾವಕಾಶವಾಗಿ ಮಲಗಿದವು. ಆ ಸದ್ದು ಎಷ್ಟು ತುಂಬಿಕೊಂಡು ಬಂತೆಂದರೆ, ನಾಚಿಕೆಯ ನಡುವೆಯೂ ಅವನಿಗೆ ಒಂದು ಗಳಿಗೆ ಸಂತೋಷವಾಯಿತು. ಎದುರಿನ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೊಟ್ಟೂರಿನ ಅತಾವುಲ್ಲಾ ನಿಂತಿದ್ದ. ಮಸೀದಿ ಕಮಿಟಿಯವನು, ಶುಕ್ರವಾರಕ್ಕೊಮ್ಮೆ ಪಕ್ಕದಲ್ಲೇ ನಮಾಜಿಗೆ ನಿಲ್ಲುವವನು. ಅವನು ಓಡಿ ಬಂದು ಬೈಕೆತ್ತಿ ನಿಲ್ಲಿಸಿ, ರಾಜಾಸಾಬನ ಮುಖ ನೋಡಿ ಪ್ರೀತಿಯಿಂದ ನಕ್ಕು, ಹುಷಾರು ಎಂಬಂತೆ ಅಂಗೈ ಆಡಿಸಿದ. ಆಮೇಲೆ ತನ್ನ ಜೊತೆಯವನ ಕಡೆ ತಿರುಗಿ, ನಗುವನ್ನು ಹಾಗೇ ಇಟ್ಟುಕೊಂಡು, "ಪಾಪ, ಮೊದಲ ಕಿವಿ ಹೋತು. ಈಗ ಹಗಲಾಗ ಕುಡಿಯಾಕೂ ಹತ್ಯಾನ," ಎಂದ.

ಕುಡುಕನೆಂದದ್ದು ರಾಜಾಸಾಬನಿಗೆ ಬಸ್ಸು ಹತ್ತಿದ ಎಷ್ಟೋ ಹೊತ್ತಿನ ಮೇಲೆ ಚುಚ್ಚಿತು. ಮೊದಲು ಚುಚ್ಚಿದ್ದು ಇನ್ನೊಂದು. ಕಿವಿ ಹೋತು ಎಂಬುದು ಇವರಿಗೆ ಹೇಗೆ ಗೊತ್ತು? ತಲೆ ಸುತ್ತು ನಿಂತಿತ್ತು. ಸದ್ದುಗಳು ಮಾತ್ರ ಮುತ್ತಿಕೊಂಡಿದ್ದವು. ಶರ್ಟಿನ ಕಾಲರು ಕುತ್ತಿಗೆಗೆ ಉಜ್ಜುತ್ತಿತ್ತು, ಮುಂದಿನ ಸೀಟಿನ ಹೆಂಗಸಿನ ಬಳೆ, ಕಡ್ಲೆಸಿಪ್ಪೆ, ಯಾರದೋ ಮೊಬೈಲಿನಲ್ಲಿ ನಗುವ ಸಿನಿಮಾ. ಕಂಡಕ್ಟರು ಹೊನ್ನೂರಸ್ವಾಮಿ ಅವನ ಹತ್ತಿರ ಬಂದು, ಬಾಯಿ ಬಿಡದೆ, ಎಲ್ಲಿಗೆ ಎಂದು ಕೈಸನ್ನೆ ಮಾಡಿದ. ಹಿಂದಿನವನಿಗೆ ಬಾಯಿಂದ ಕೇಳಿದ. ರಾಜಾಸಾಬ್ ಅದನ್ನು ನೋಡಿದ. ಚಹಾದಂಗಡಿಯವನು ಎರಡು ಬೆರಳು ಮಡಚಿ ಅರ್ಧವೋ ಪೂರಾವೋ ಎಂದು ತೋರಿಸುತ್ತಿದ್ದದ್ದು, ಗೌಸಿಯಾ ಫೋನು ಮಾಡುವುದು ಬಿಟ್ಟು ಬರೆದು ಕಳಿಸತೊಡಗಿದ್ದು, ಕೋಮಲಾ ಎಂಜಿನ್ ಬಂದ್ ಮಾಡದೆ ಅತ್ತದ್ದು. ಇಡೀ ಊರಿಗೆ ಗೊತ್ತಿತ್ತು. ಯಾರೂ ಅಂದು ತೋರಿಸಿರಲಿಲ್ಲ. ಹಾಗಾದರೆ ಜನ ಅವನೆದುರು ಕೂತು ಹೇಳಿಕೊಂಡದ್ದು ಅವನ ಮುಖದ ತೂಕಕ್ಕಲ್ಲ. ಬೇವಿನ ಮರದ ಪೊಟರೆಗೆ ಹೇಳಿದಂತೆ ಹೇಳಿದ್ದರು. ಬಸ್ಸು ಕೊಟ್ಟೂರಿನೊಳಗೆ ಬಂದಾಗ ಅವನ ಮನೆಯ ಓಣಿ ಕಂಡಿತು. ಬೆಳಿಗ್ಗೆ ಮಕ್ತುಂಬಿ ಬೆನ್ನು ಹಾಕಿ ಏನು ಹೇಳುತ್ತಿದ್ದಳು? ಬೆಳಿಗ್ಗೆ ಮಾತ್ರವಲ್ಲ, ಎರಡು ವರ್ಷ ದಿನಾ ರೊಟ್ಟಿ ತಟ್ಟುತ್ತ? ಮದುವೆಯಾದ ಹೊಸತರಲ್ಲಿ ಅವಳು ಮಾತಾಡುತ್ತಲೇ ಇರಲಿಲ್ಲ. ಅವನ ಗದ್ದಲದಲ್ಲಿ ಜಾಗವಿರಲಿಲ್ಲ. ಈಗ ಗಂಡ ಕಿವುಡಾದ ಮೇಲೆ ಹೆಂಗಸು ಬಾಯಿ ಬಿಟ್ಟಿದ್ದಳು. ಇಳಿದು ಮನೆಗೆ ಹೋಗಿ ಕೇಳಿಸುತ್ತೈತಿ ಅಂದರೆ ಅವಳು ಮತ್ತೆ ಸುಮ್ಮನಾಗುತ್ತಾಳೆ ಎಂದು ಅನಿಸಿ ಅವನಿಗೆ ಹೆದರಿಕೆಯಾಯಿತು. ಮನೆಯ ಕಡೆ ನೋಡದೆ ಕೋಗಳಿಯ ಬಸ್ಸು ಹಿಡಿದ. ಅದರ ಕಂಡಕ್ಟರಿಗೆ ತಾನೇ ಬೆರಳಿನಿಂದ ಸನ್ನೆ ಮಾಡಿದ. ಇನ್ನು ಸ್ವಲ್ಪ ಹೊತ್ತು ಕಿವುಡನಾಗಿಯೇ ಇರುವುದೆಂದು ನಿರ್ಧರಿಸಿದ್ದ. ಹಾಗೆ ನಿರ್ಧರಿಸಿದ ಮೇಲೆ, ಶಾಲೆ ತಪ್ಪಿಸಿಕೊಂಡ ಮಗುವಿನ ಖುಷಿ ಅವನೊಳಗೆ ಸಣ್ಣಗೆ ಅಲುಗಿತು.

ಗಾಳೆಪ್ಪ ಸತ್ತಿರಲಿಲ್ಲ. ಯಾರನ್ನೂ ಕಡಿದಿರಲಿಲ್ಲ. ಅಂಗಳದಲ್ಲಿ ಬನಿಯನ್ನು ಹಾಕಿಕೊಂಡು, ಕೂದಲಿಗೆ ಕಪ್ಪು ಹಚ್ಚಿಕೊಂಡು, ಔಷಧಿ ಹೊಡೆಯುವ ಪಂಪಿನ ಬಾಯಿ ಬಿಚ್ಚುತ್ತ ಕೂತಿದ್ದ. ಒಂಬತ್ತು ದಿನ ಇವನಿಗಾಗಿ ಪತ್ರಿಕೆ ಓದಿದ ಸಿಟ್ಟು ಒಂದು ಕಡೆ, ಇವನು ಬದುಕಿದ್ದಾನೆಂಬ ಹಿಗ್ಗು ಒಂದು ಕಡೆ. ಬಾಗಿಲಲ್ಲಿ ಕನಕಮ್ಮ ನಗುನಗುತ್ತ ಕೈ ಮುಗಿದು, ಮುಗಿದ ಕೈ ಹಾಗೇ ಇದ್ದಂತೆ ಗಂಡನಿಗೆ, "ಬಂದಾನ ನೋಡು ನಿನ್ನ ಕಿವುಡದೇವ್ರು," ಎಂದಳು. ಗಾಳೆಪ್ಪ ತಲೆಯೆತ್ತದೆ, ಬರಲಿ, ನಾಳೆ ನಾನೇ ಹೋಗುವವನಿದ್ದೆ ಎಂದ. ಹೇಳಿ ಬಂದ ಮೇಲೆ ಒಂದು ವಾರ ಒಳ್ಳೇ ನಿದ್ದೆ ಹತ್ತಿತ್ತಂತೆ, ಮೊನ್ನೆಯಿಂದ ಮತ್ತೆ ಹಳೆಯ ಕತೆ. ಅಂಥಾದ್ದೇನು ಹೇಳುತ್ತೀ ಆತನಿಗೆ ಎಂದು ಅವಳು ಕೇಳಿದ್ದಕ್ಕೆ, ನಿನಗ್ಯಾಕ ಎಂದ. ರಾಜಾಸಾಬ್ ಇಬ್ಬರ ನಡುವೆ ನಿಂತು, ತನ್ನ ಎರಡು ವರ್ಷದ ಹಳೆಯ ನಗುವನ್ನು ನಕ್ಕ. ಅದು ಎಷ್ಟು ಸಲೀಸಾಗಿ ಬಂತೆಂದು ತನಗೇ ನಾಚಿಕೆಯಾಯಿತು.

ಗಾಳೆಪ್ಪ ಚಹಾಕ್ಕೆ ಹಾಲು ತರಲು ಹೋದ. ಕನಕಮ್ಮ ಬಾಗಿಲಿಗೆ ಬಂದು ಓಣಿಯ ಎರಡೂ ಕಡೆ ನೋಡಿ, ಮೊರ ಹಿಡಿದುಕೊಂಡು ರಾಜಾಸಾಬನ ಎದುರು ಕೂತಳು. "ನಂದೂ ಒಂದೈತ್ರಿ ಅಣ್ಣಾ," ಎಂದು ಶುರು ಮಾಡಿದಳು. ನಿಮ್ಮ ಗೆಳೆಯನ ರೇಡಿಯೋ ಹಲ್ಲಿ ಹೊಕ್ಕು ಕೆಡಲಿಲ್ಲ, ನಾನೇ ಗಂಜಿಯಲ್ಲಿ ಅದ್ದಿ ತೆಗೆದೆ ಎಂದಳು. ಬೆಳಗಿನ ಐದಕ್ಕೆ ಹಚ್ಚುತ್ತಿದ್ದ, ಮಳೆ ಬರುತ್ತದೋ ಇಲ್ಲವೋ ಎಂದು ಇಡೀ ರಾಜ್ಯದ ಹವಾಮಾನ ಮುಗಿಯುವ ತನಕ ಬಂದ್ ಮಾಡುತ್ತಿರಲಿಲ್ಲ. ಮಂಗಳೂರಿಗೆ ಮಳೆ ಬಂದರೆ ನನಗೇನ್ರಿ? ಐದು ವರ್ಷವಾಯಿತು, ಈಗಲೂ ಹಲ್ಲಿ ಕಂಡಲ್ಲೆಲ್ಲ ಕಸಬರಿಗೆ ತಗೊಂಡು ಬೆನ್ನು ಹತ್ತುತ್ತಾನೆ, ಆ ಮೂಕ ಜೀವದ ಪಾಪ ನನಗೆ ಸುತ್ತಿಕೊಂಡಿದೆ. ರಾಜಾಸಾಬ್ ಕಷ್ಟಪಟ್ಟು ಮುಖ ಹಿಡಿದುಕೊಂಡ. ಆ ರೇಡಿಯೋ ಬಿಚ್ಚಿ, ಒಳಗೆ ಬಿಳಿ ಅಂಟು ಕಂಡು, ಹಲ್ಲಿಯ ಮೊಟ್ಟೆ ಒಡೆದಿದೆ ಎಂದು ತೀರ್ಪು ಕೊಟ್ಟವನು ಅವನೇ. ನಗು ಒತ್ತಿಕೊಂಡು ಬಂದದ್ದನ್ನು ಕೆಮ್ಮು ಮಾಡಿದ. ಅವಳು ಹೇಳಿ ಮುಗಿಸಿ ಮುಖವನ್ನೇ ನೋಡುತ್ತಿದ್ದಳು. ಅವನು ಹೂಂ ಅಂದ. ಅವಳು ಸೆರಗಿನಿಂದ ಮೂಗೊರೆಸಿಕೊಂಡು, ನೆಲಕ್ಕೆ ಹಗುರವಾದವಳಂತೆ ಎದ್ದು ಹೋದಳು. ಆ ಹಗುರವನ್ನು ಕಂಡು ರಾಜಾಸಾಬನ ನಗು ನಿಂತುಹೋಯಿತು. ಕೇಳಿ ಅಂದ ಹೂಂ, ಕೇಳದೆ ಅಂದ ಹೂಂ, ಎರಡೂ ಅವಳಿಗೆ ಒಂದೇ ತೂಕದವಾಗಿದ್ದವು.

ಚಹಾ ಕುಡಿದ ಮೇಲೆ ಗಾಳೆಪ್ಪ ಅವನನ್ನು ಬಸದಿಯ ಕಡೆ ಕರೆದುಕೊಂಡು ಹೋದ. ಹಳೆಯ ಕಲ್ಲಿನ ಆ ಕಟ್ಟೆಯ ಮೇಲೆ ನೆರಳು ಬಿದ್ದಿತ್ತು. ಒಳಗೆ ಬತ್ತಲೆ ನಿಂತ ದೇವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಾಳೆಪ್ಪ ಅವನ ಎಡಕ್ಕೆ ಕೂತ, ಅಂದಿನಂತೆಯೇ. ಮೊದಲು ಕೆಮ್ಮಿದ. ಆಮೇಲೆ ಎದುರಿನ ಕಂಬಕ್ಕೆ ಹೇಳುವವನಂತೆ ಶುರು ಮಾಡಿದ.

"ನಿನ್ನ ಕಾರ್ಡು ಬಂದಿತ್ತು ರಾಜಾ. ಬಸ್ ಡಿಪೋದ ಇಂಟರ್ವ್ಯೂದ್ದು. ನಂದಕ್ಕಿಂತ ಮೂರು ದಿನ ಮೊದಲ ಬಂದಿತ್ತು. ಪೋಸ್ಟಿನ ಬೊಮ್ಮಪ್ಪ ನನ್ನ ಕೈಯಾಗ ಕೊಟ್ಟ, ನೀ ಊಟಕ್ಕ ಹೋಗಿದ್ದಿ. ನಾ ಅದನ್ನ ಗ್ರೀಸಿನ ಡಬ್ಬಿಯಾಗ ಒತ್ತಿಬಿಟ್ಟೆ. ಇದ್ದದ್ದು ಒಂದ ನೌಕರಿ. ಅಲ್ಲಿ ಇಂಜಿನ್ ಚಾಲು ಮಾಡಿ ಏನು ರೋಗ ಹೇಳು ಅಂದ್ರು. ನಾ ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿದೆ, ನೀ ಕಲಿಸಿದಂಗ. ನೀ ಏನ್ ಹೇಳ್ತಿದ್ದಿ ಅಂತ ವಿಚಾರ ಮಾಡಿ ಅದನ್ನ ಹೇಳಿದೆ. ಪಾಸಾದೆ."

ಕಂಬ ನಿಧಾನವಾಗಿ ಎಡಕ್ಕೆ ವಾಲಿತು. ಹತ್ತು ನಿಮಿಷ ಎಂದಿದ್ದಳು ಡಾಕ್ಟರು; ನಾಲ್ಕು ತಾಸಾಗಿತ್ತು. ಇದು ತಣ್ಣೀರಿನ ತಿರುಗಲ್ಲ. ಮೂವತ್ತಮೂರು ವರ್ಷ. ಇಬ್ಬರೂ ಸೇರಿ ನಡೆಸುತ್ತಿದ್ದ ಶೆಡ್ಡು, ಒಟ್ಟಿಗೇ ಹಾಕಿದ ಅರ್ಜಿ, ಗಾಳೆಪ್ಪನಿಗೆ ಕಾರ್ಡು ಬಂದಾಗ ತಾನು ಪೇಡೆ ಹಂಚಿದ್ದು. ಗಾಳೆಪ್ಪ ಹಗರಿಬೊಮ್ಮನಹಳ್ಳಿಯಲ್ಲಿ, ಹಡಗಲಿಯಲ್ಲಿ, ಖಾಕಿ ಅಂಗಿ ಹಾಕಿಕೊಂಡು ಸಂಬಳ ಎಣಿಸಿದ ವರ್ಷಗಳಲ್ಲಿ ತಾನು ಮಣ್ಣಿನಲ್ಲಿ ಅಂಗಾತ ಮಲಗಿ ಟ್ರ್ಯಾಕ್ಟರಿನ ಹೊಟ್ಟೆ ನೋಡಿದ. ಆ ಇನ್ನೊಂದು ಬದುಕು, ಖಾಕಿ ಅಂಗಿಯ ರಾಜಾಸಾಬ್, ಸೈಕಲ್ಲಿನ ಮೇಲೆ ಅವನೆದುರಿಗೆ ಹಾದುಹೋದ. ಅವನ ಹಿಂದಿನ ಸೀಟಿನಲ್ಲಿ ಕೂತಿದ್ದವಳು ಮಕ್ತುಂಬಿಯಲ್ಲ, ಬೇರೆ ಯಾರೋ ಎಂದು ಕಂಡು ಸಿಟ್ಟು ಅರೆಗಳಿಗೆ ದಿಕ್ಕುತಪ್ಪಿತು. ಅಷ್ಟರಲ್ಲಿ ನೆನಪಿನೊಳಗೆ ಬೊಮ್ಮಪ್ಪ ಬಂದು ನಿಂತ. ಪೋಸ್ಟಿನ ಬೊಮ್ಮಪ್ಪ, ಕಾರ್ಡು ನುಂಗಿದವನು ಅವನೇ ಎಂದು ರಾಜಾಸಾಬ್ ಆಗ ಊರು ತುಂಬ ಕೂಗಾಡಿದ್ದ. ಕಾಗದಗಳನ್ನು ಕೆರೆಗೆ ಸುರಿಯುತ್ತಾನೆಂದು ಸಂತೆಯಲ್ಲಿ ನಿಂತು ಹೇಳಿದ್ದ, ಹತ್ತು ಜನರ ಸಹಿ ಹಾಕಿಸಿ ಅವನ ಮೇಲೆ ದೂರಿನ ಅರ್ಜಿ ಬರೆಸಿದ್ದ. ಬೊಮ್ಮಪ್ಪನನ್ನು ಬೇರೆ ಕಡೆ ಹಾಕಿದರು. ಹೋಗುವ ದಿನ ಅವನು ಶೆಡ್ಡಿನ ಮುಂದೆ ಸೈಕಲ್ ಹಿಡಿದು ನಿಂತು ಏನೋ ಹೇಳಿದ. ಆಗ ಕಿವಿ ಚೆನ್ನಾಗಿದ್ದವು. ಬೇಕೆಂದೇ ಇಂಜಿನ್ನಿನ ಆಕ್ಸಿಲರೇಟರ್ ಎಳೆದು ಹಿಡಿದು, ಬೊಮ್ಮಪ್ಪನ ತುಟಿ ಆಡುವುದನ್ನು ನೋಡುತ್ತ ನಿಂತವನು ಯಾರು? ಆ ಅರ್ಜಿಗೆ ಎರಡನೇ ಸಹಿ ಗಾಳೆಪ್ಪನದು ಎಂಬುದು ಈಗ ನೆನಪಾಯಿತು.

"ತಪ್ಪಲ್ಲ ಅಂತ ಹೇಳವಲ್ಲೆ. ತಪ್ಪ ಐತಿ," ಎಂದ ಗಾಳೆಪ್ಪ. "ನೀ ಇನ್ನೊಮ್ಮೆ ಹೂಂ ಅಂದುಬಿಡು."

ಮುಖ ಮುಂದೆ ಚಾಚಿ ಕಾದ. ರಾಜಾಸಾಬ್ ಅವನ ಕುತ್ತಿಗೆ ಹಿಡಿಯಬೇಕೆಂದುಕೊಂಡ. ಎದ್ದು ಹೋಗಬೇಕೆಂದುಕೊಂಡ. ಕೇಳಿಸಿತು ಲೇ ಎಂದು ಅವನ ಕಿವಿಯಲ್ಲಿ ಕೂಗಬೇಕೆಂದುಕೊಂಡ. ಇದ್ಯಾವುದನ್ನೂ ತೀರ್ಮಾನಿಸುವ ಮೊದಲೇ ಅವನ ತಲೆ ತಾನಾಗಿ ಮೇಲಿಂದ ಕೆಳಗೆ ಆಡಿತು. ಎರಡು ವರ್ಷದ ರೂಢಿ. ಗಾಳೆಪ್ಪನ ಮುಖ ಬಿಚ್ಚಿಕೊಂಡಿತು. ಅಂಗೈಗಳಿಂದ ಕೆನ್ನೆ ಉಜ್ಜಿಕೊಂಡು, ನಡಿ, ಬಸ್ಸಿನ ಹೊತ್ತಾತು ಎಂದು ಸನ್ನೆ ಮಾಡಿ ಮುಂದೆ ನಡೆದ. ರಾಜಾಸಾಬ್ ತನ್ನ ಕುತ್ತಿಗೆಯನ್ನೇ ಬೈಯುತ್ತ ಹಿಂದೆ ನಡೆದ.

ರಸ್ತೆಗೆ ಬಂದು ನಿಂತರು. ಗಾಳೆಪ್ಪ ಯಾವುದೋ ಭಜನೆ ಗುನುಗುತ್ತಿದ್ದ, ಶ್ರುತಿ ಪೂರಾ ತಪ್ಪಿತ್ತು. ಹಿಂದಿನ ತಿರುವಿನಾಚೆ, ಜಾಲಿಗಿಡಗಳ ಮರೆಯಲ್ಲಿ, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರೊಂದು ಏರು ಹತ್ತುತ್ತಿತ್ತು. ಕಣ್ಣಿಗೆ ಇನ್ನೂ ಕಂಡಿರಲಿಲ್ಲ. ಸ್ಕ್ರೂಡ್ರೈವರಿಲ್ಲದೆ, ಬರೀ ಗಾಳಿಯಲ್ಲಿ ಬಂದ ಇಂಜಿನ್ನಿನ ಸದ್ದು ಎರಡು ವರ್ಷದ ಮೇಲೆ ಅವನ ಕಿವಿಗೆ ಬಿತ್ತು. ಅದು ಎಷ್ಟು ಚೆನ್ನಾಗಿತ್ತೆಂದರೆ ಅವನು ಎಲ್ಲವನ್ನೂ ಮರೆತ.

"ಎರಡನೇ ಸಿಲಿಂಡರ್ ಹೊಡೀವಲ್ದು," ಎಂದ.

ಭಜನೆ ನಿಂತಿತು. ಗಾಳೆಪ್ಪ ತಿರುಗಿ ಖಾಲಿ ರಸ್ತೆಯನ್ನು ನೋಡಿದ, ರಾಜಾಸಾಬನನ್ನು ನೋಡಿದ, ಮತ್ತೆ ಖಾಲಿ ರಸ್ತೆಯನ್ನು ನೋಡಿದ. ಟ್ರ್ಯಾಕ್ಟರು ತಿರುವಿನಲ್ಲಿ ಕಾಣಿಸಿಕೊಂಡು, ಏದುಸಿರು ಬಿಡುತ್ತ, ಇಬ್ಬರ ನಡುವೆ ಧೂಳೆಬ್ಬಿಸಿ ಹೋಯಿತು. ಧೂಳು ಇಳಿದಾಗ ಗಾಳೆಪ್ಪ ಇದ್ದಲ್ಲೇ ಇದ್ದ. ಕಪ್ಪು ಹಚ್ಚಿದ ಕೂದಲು ಬಿಳಿಯಾಗಿತ್ತು.

"ಯಾವಾಗಿಂದ?" ಎಂದ.

"ಹನ್ನೊಂದು ಗಂಟಿಯಿಂದ."

ಗಾಳೆಪ್ಪ ಮೈಲಿಗಲ್ಲಿನ ಮೇಲೆ ಕೂತುಬಿಟ್ಟ. ಹನ್ನೊಂದಕ್ಕೂ ಈಗಿನದಕ್ಕೂ ನಡುವೆ ಏನೇನು ಬಂತೆಂದು ಲೆಕ್ಕ ಹಾಕುತ್ತಿದ್ದ. ಅವನ ತುಟಿಗಳು ಆಡುತ್ತಿದ್ದವು. ಮತ್ತೆ ನೀ ಹೂಂ ಅಂದೆಲ್ಲ ಎಂದು ಗೊಣಗಿದ. ಅದು ಕುತ್ತಿಗೆ ಅಂದದ್ದು, ನಾನಲ್ಲ ಎಂದ ರಾಜಾಸಾಬ್. ದನಿ ತನ್ನ ಹಳೆಯ ದನಿಯೇ, ಬಸ್ಟ್ಯಾಂಡಿನವರೆಗೆ ಕೇಳುವಂಥದ್ದು. ಅದನ್ನು ಕೇಳಿ ತಾನೇ ಬೆಚ್ಚಿ ತಗ್ಗಿಸಿದ. ನಾನು ಏನನ್ನಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ, ಗೊತ್ತಾದಾಗ ಹೇಳುತ್ತೇನೆ, ಅದಕ್ಕೆ ಮೂವತ್ತಮೂರು ವರ್ಷ ತಗೊಂಡರೂ ತಗೊಂಡೆ ಎಂದ. ಆದರೆ ಅದಕ್ಕೂ ಮೊದಲು ಇನ್ನೊಬ್ಬ ಇದ್ದಾನೆ. ಬೊಮ್ಮಪ್ಪ ಎಲ್ಲಿದ್ದಾನೆಂದು ಕೇಳಿದ. ಹೊಸಹಳ್ಳಿಯಲ್ಲಿ, ಮಗಳ ಮನೆಯಲ್ಲಿ ಎಂದು ಗಾಳೆಪ್ಪ ಕೇಳುವ ಮೊದಲೇ ಸಿದ್ಧವಾಗಿದ್ದವನಂತೆ ಹೇಳಿದ. ಹಾಗಾದರೆ ಏಳು, ಕೂಡ್ಲಿಗಿ ಮೇಲೆ ಹೋದರೆ ಹೊತ್ತು ಮುಳುಗುವುದರೊಳಗೆ ಮುಟ್ಟುತ್ತೇವೆ, ಅರ್ಜಿಯ ಮೇಲೆ ಮೊದಲ ಸಹಿ ನನ್ನದು, ಎರಡನೆಯದು ನಿನ್ನದು ಎಂದ ರಾಜಾಸಾಬ್.

ಗಾಳೆಪ್ಪ ಏಳಲಿಲ್ಲ. "ನಾ ಮೊದಲ ಆತನ ಕಡೀಗೇ ಹೋಗಿದ್ದೆ," ಎಂದ, ನೆಲ ನೋಡುತ್ತ. "ನಿನಗ ಹೇಳೋಕ್ಕಿಂತ ಮುಂಚೆ. ಬಾಗಿಲ ತನಕ ಹೋದೆ. ಒಳಗ ಮಂಚದ ಮ್ಯಾಲಿಂದ ಆತ, ಯಾರದು, ಚಪ್ಪಲಿ ಸಪ್ಪಳ ಗಾಳೆಪ್ಪಂದಿದ್ದಂಗೈತಿ ಅಂದ. ಎಂಬತ್ತು ವರ್ಷ ಆಗ್ಯಾವ, ಕಿವಿ ಅಷ್ಟು ಚುರುಕ ಅದಾವ. ನಾ ಹಂಗ ಹೊಳ್ಳಿ ಬಂದೆ. ಆಮ್ಯಾಲೆ ನಿನ್ನ ನೆಪ್ಪಾತು."

ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ರಾಜಾಸಾಬ್ ಗೆಳೆಯನ ಕಾಲುಗಳನ್ನು, ತನ್ನ ಕಾಲುಗಳನ್ನು ಒಮ್ಮೆ ನೋಡಿದ.

"ಹಂಗಾರ ಬರಿಗಾಲಾಗ ಹೋಗಾನ," ಎಂದ.

ಇದು ಚೇಷ್ಟೆಯೋ ಅಲ್ಲವೋ ಎಂದು ತಿಳಿಯದೆ ಗಾಳೆಪ್ಪ ಅವನ ಮುಖ ನೋಡಿದ. ಅಲ್ಲಿ ಏನೂ ಗುರುತು ಸಿಗಲಿಲ್ಲ. ಬಸ್ಸು ಹತ್ತಿರ ಬರುವ ಹೊತ್ತಿಗೆ ಗಾಳೆಪ್ಪ ಬಗ್ಗಿ, ಮೊದಲು ಎಡಗಾಲಿನ ಚಪ್ಪಲಿ ಬಿಟ್ಟ.